ಕ್ರೆಡಿಟ್ ಕಾರ್ಡಿನಲ್ಲಿ ಮನೆ ಬಾಡಿಗೆ: ಈ ಕೈಗಡದ ಬೆಲೆ ಎಷ್ಟು?

ಪ್ರಶ್ನೆ: ನಾನು ಹುಬ್ಬಳ್ಳಿಯವನು. ಬೆಂಗಳೂರಿನ ಮಹದೇವಪುರದ ಕಡೆ ಅಪಾರ್ಟ್‌ಮೆಂಟಿನಲ್ಲಿ ಬಾಡಿಗೆಗಿದ್ದೇನೆ. ಬಾಡಿಗೆ 28,000 ರೂಪಾಯಿ, ಮೇಂಟೆನೆನ್ಸ್ 3,500. ಬಾಡಿಗೆಯನ್ನು 1ನೇ ತಾರೀಖು ಕೊಡಬೇಕು, ಸಂಬಳ ಬರುವುದು 7ಕ್ಕೆ. ಹೀಗಾಗಿ ಒಂದು ಆ್ಯಪ್ ಮೂಲಕ ಕ್ರೆಡಿಟ್ ಕಾರ್ಡಿನಿಂದ ಬಾಡಿಗೆ ಕಟ್ಟುತ್ತಿದ್ದೆ. ಆ ಸೌಲಭ್ಯ ಒಂದು ದಿನ ಇದ್ದಕ್ಕಿದ್ದಂತೆ ನಿಂತುಹೋಯಿತು. ಈಗ ಇನ್ನೊಂದು ಕಡೆ ಶೇ 1.5 ಶುಲ್ಕ ಕೊಟ್ಟು ಕಟ್ಟುತ್ತಿದ್ದೇನೆ, ಬ್ಯಾಂಕಿನವರೂ ಬೇರೆಯಾಗಿ ಶೇ 1 ಹಾಕುತ್ತಾರೆ. 'ಭಾವಮೈದುನನ ಖಾತೆಗೆ ಬಾಡಿಗೆ ಅಂತ ಹಾಕಿ ದುಡ್ಡು ವಾಪಸ್ ತಗೋ, ಪಾಯಿಂಟೂ ಬರ್ತಾವೆ' ಎಂದು ಸಹೋದ್ಯೋಗಿಯೊಬ್ಬರು ಹೇಳುತ್ತಾರೆ. ಇನ್ನೆರಡು ತಿಂಗಳಲ್ಲಿ ಬೇರೆ ಮನೆಗೆ ಹೋಗುತ್ತಿದ್ದೇವೆ, 1.5 ಲಕ್ಷ ಅಡ್ವಾನ್ಸ್ ಕೇಳಿದ್ದಾರೆ. ನನ್ನ ಕಾರ್ಡಿನ ಮಿತಿಯೂ 1.5 ಲಕ್ಷ. ಅಡ್ವಾನ್ಸನ್ನೂ ಕಾರ್ಡಿನಲ್ಲೇ ಕೊಡಬಹುದೇ? ಮುಂದಿನ ವರ್ಷ ಕಾರ್ ಲೋನ್ ತೆಗೆದುಕೊಳ್ಳುವ ಯೋಚನೆ ಇದೆ. ಎಚ್‌ಆರ್‌ಎಗೆ (ಸಂಬಳದ ಮನೆ ಬಾಡಿಗೆ ಭತ್ಯೆಯ ತೆರಿಗೆ ವಿನಾಯಿತಿಗೆ) ಏನಾದರೂ ತೊಂದರೆ ಆಗುತ್ತದೆಯೇ?
— ಹೆಸರು ಬೇಡ, ಬೆಂಗಳೂರು

ಉತ್ತರ: ನಿಮ್ಮ ಪತ್ರದಲ್ಲಿ ನನ್ನ ಕಣ್ಣು ಮೊದಲು ಹೋದದ್ದು ಶುಲ್ಕದ ಕಡೆಗಲ್ಲ, ಆ ಎರಡು ತಾರೀಖುಗಳ ಕಡೆಗೆ. ಬಾಡಿಗೆ 1ಕ್ಕೆ, ಸಂಬಳ 7ಕ್ಕೆ. ನಿಮಗೆ ದುಡ್ಡಿನ ಕೊರತೆ ಇಲ್ಲ, ಆರು ದಿನದ ಅಂತರ ಇದೆ, ಅಷ್ಟೇ. ಆ ಆರು ದಿನಕ್ಕಾಗಿ ಎಷ್ಟು ಕೊಡುತ್ತಿದ್ದೀರಿ ಎಂದು ಲೆಕ್ಕ ಹಾಕೋಣ.

28,000ಕ್ಕೆ ಶೇ 1.5 ಎಂದರೆ 420 ರೂಪಾಯಿ, ಅದರ ಮೇಲೆ ಶೇ 18 ಜಿಎಸ್‌ಟಿ ಸೇರಿ 495.60. ಬ್ಯಾಂಕಿನ ಶೇ 1 ಎಂದರೆ 280, ಜಿಎಸ್‌ಟಿ ಸೇರಿ 330.40. ಎರಡೂ ಕೂಡಿದರೆ ತಿಂಗಳಿಗೆ 826 ರೂಪಾಯಿ. ಬಾಡಿಗೆಯ ಲೆಕ್ಕದಲ್ಲಿ ಶೇ 2.95. ನೂರಕ್ಕೆ ಮೂರು ರೂಪಾಯಿಯೂ ಇಲ್ಲವಲ್ಲ ಎನಿಸುತ್ತದೆ. ಆದರೆ ಆ್ಯಪಿನಲ್ಲಿ ಕಾಣುವುದು ಒಂದು ಸಲದ ಶುಲ್ಕ ಮಾತ್ರ. ಅದು ಎಷ್ಟು ದಿನದ ಸಾಲಕ್ಕೆ ಎಂಬುದನ್ನು ಅಲ್ಲಿ ಯಾರೂ ಬರೆದಿರುವುದಿಲ್ಲ. ನಿಮ್ಮ ಕಾರ್ಡಿನ ಬಿಲ್ 20ಕ್ಕೆ ತಯಾರಾಗಿ ಮುಂದಿನ ತಿಂಗಳ 8ಕ್ಕೆ ಗಡುವು ಎಂದಿಟ್ಟುಕೊಳ್ಳಿ. 1ರಂದು ಕಟ್ಟಿದ ಬಾಡಿಗೆಗೆ ನಿಮಗೆ ಸಿಕ್ಕಿದ್ದು ಸುಮಾರು 38 ದಿನ. 38 ದಿನಕ್ಕೆ ಶೇ 2.95 ಅಂದರೆ ವರ್ಷಕ್ಕೆ ಶೇ 28ರ ಮೇಲಾಯಿತು. ಬಿಲ್ ತಯಾರಾಗುವ ದಿನ ಬಾಡಿಗೆಯ ದಿನಕ್ಕೆ ಹತ್ತಿರವಿದ್ದು ಇಪ್ಪತ್ತೇ ದಿನ ಸಿಕ್ಕರೆ ಅದೇ ಶುಲ್ಕ ಶೇ 54ರ ಹತ್ತಿರಕ್ಕೆ ಏರುತ್ತದೆ. ಶೇ 28ರ ಬಡ್ಡಿಗೆ ಪರ್ಸನಲ್ ಲೋನ್ ಕೊಡುತ್ತೇವೆ ಎಂದು ಯಾರಾದರೂ ಫೋನ್ ಮಾಡಿದ್ದರೆ ನೀವು ಪೂರ್ತಿ ಕೇಳಿಸಿಕೊಳ್ಳದೆ ಇಡುತ್ತಿದ್ದಿರಿ.

ಇದಕ್ಕಿಂತ ಮುಖ್ಯವಾದ ಇನ್ನೊಂದು ವಿಷಯ ಇದೆ. ಪ್ರತಿ ತಿಂಗಳೂ ಹೊಸ ಸಾಲ ಪಡೆಯುತ್ತಿದ್ದೇನೆ ಎಂದು ನಿಮಗೆ ಅನಿಸುತ್ತದೆ. ಹಾಗಲ್ಲ. ಮೊದಲ ಸಲ ಕಾರ್ಡಿನಲ್ಲಿ ಬಾಡಿಗೆ ಕಟ್ಟಿದ ತಿಂಗಳು ನಿಮ್ಮ ಕೈಯಲ್ಲಿ 28,000 ಉಳಿಯಿತು. ಆಮೇಲೆ ಪ್ರತಿ ತಿಂಗಳೂ ನೀವು ಮಾಡುತ್ತಿರುವುದು ಹಳೆಯ ಬಾಡಿಗೆಯ ಬಿಲ್ ತೀರಿಸಿ ಹೊಸ ಬಾಡಿಗೆಯನ್ನು ಕಾರ್ಡಿಗೆ ಏರಿಸುವುದು. ಹೆಚ್ಚುಕಮ್ಮಿ ಅದೇ ಒಂದು ಕೈಗಡವನ್ನು ತಿಂಗಳು ತಿಂಗಳೂ ನವೀಕರಿಸುತ್ತಿದ್ದೀರಿ, ಪ್ರತಿ ನವೀಕರಣಕ್ಕೆ 826 ರೂಪಾಯಿ ತೆರುತ್ತಿದ್ದೀರಿ. ವರ್ಷಕ್ಕೆ 9,912 ರೂಪಾಯಿ. ಬಾಡಿಗೆಯ ಮೂರನೇ ಒಂದು ಪಾಲಿಗಿಂತ ಹೆಚ್ಚು ಹಣ ಹೋಯಿತು, ಅಸಲು ಒಂದು ಪೈಸೆಯೂ ಕರಗಲಿಲ್ಲ. ಒಮ್ಮೆ, ಒಂದೇ ಒಮ್ಮೆ, 28,000 ರೂಪಾಯಿ ಬದಿಗಿಟ್ಟರೆ ಈ ಚಕ್ರ ನಿಲ್ಲುತ್ತದೆ. ತಿಂಗಳಿಗೆ 7,000ದಂತೆ ನಾಲ್ಕು ತಿಂಗಳ ಉಳಿತಾಯ ಅದು. ಅಥವಾ ಬಾಡಿಗೆಯ ತಾರೀಖನ್ನೇ 10ಕ್ಕೆ ಬದಲಾಯಿಸಿಕೊಂಡರೆ ಅದೂ ಬೇಡ. ಅದರ ಬಗ್ಗೆ ಕೊನೆಯಲ್ಲಿ ಹೇಳುತ್ತೇನೆ.

ಇನ್ನು ಈ ಕಡೆಯ ಲಾಭ. 28,000 ರೂಪಾಯಿ 38 ದಿನ ನಿಮ್ಮ ಬಳಿಯೇ ಉಳಿದು ಶೇ 6ರ ಎಫ್‌ಡಿಯಲ್ಲಿ ದುಡಿಯಿತು ಎಂದರೆ ಬರುವುದು ಸುಮಾರು 175 ರೂಪಾಯಿ. ಉಳಿತಾಯ ಖಾತೆಯಲ್ಲಿದ್ದರೆ ಅದರ ಅರ್ಧವೂ ಇಲ್ಲ. ರಿವಾರ್ಡ್ ಪಾಯಿಂಟ್ ಬಗ್ಗೆ ಆಸೆ ಇಟ್ಟುಕೊಳ್ಳಬೇಡಿ. ಕಾರ್ಡ್ ಜಾಲದಲ್ಲಿ ಪ್ರತಿ ಬಗೆಯ ವ್ಯಾಪಾರಕ್ಕೂ ನಾಲ್ಕಂಕಿಯ ಸಂಕೇತ ಇರುತ್ತದೆ, ಬಾಡಿಗೆಯದು 6513. ಈ ಸಂಖ್ಯೆ ಕಂಡ ಕೂಡಲೇ ಶುಲ್ಕ ಹಾಕು, ಪಾಯಿಂಟ್ ಕೊಡಬೇಡ ಎಂದು ಬಹಳಷ್ಟು ಬ್ಯಾಂಕುಗಳು ತಮ್ಮ ವ್ಯವಸ್ಥೆಗೆ ಹೇಳಿಟ್ಟಿವೆ. ನಿಮ್ಮ ಕಾರ್ಡ್ ಇನ್ನೂ ಪಾಯಿಂಟ್ ಕೊಡುತ್ತಿದೆ, ಅದರ ಬೆಲೆ ಶೇ ಅರ್ಧ ಎಂದು ಧಾರಾಳವಾಗಿ ಹಿಡಿದರೂ 140 ರೂಪಾಯಿ. 826 ಕೊಟ್ಟು 315 ಪಡೆದಂತಾಯಿತು.

ಮೊದಲು ಹೀಗಿರಲಿಲ್ಲ ಎಂದು ನೀವು ಹೇಳಬಹುದು, ಅದು ನಿಜ. ಮೂರು–ನಾಲ್ಕು ವರ್ಷದ ಕೆಳಗೆ ಆ್ಯಪ್‌ಗಳು ಗ್ರಾಹಕರನ್ನು ಸೆಳೆಯಲು ಶುಲ್ಕ ಇಳಿಸಿದ್ದವು, ಬ್ಯಾಂಕುಗಳು ಪಾಯಿಂಟ್ ಕೊಡುತ್ತಿದ್ದವು, ಜಾಣರು ನಾಲ್ಕು ಕಾಸು ಮಾಡಿಕೊಂಡರು. ಆಮೇಲೆ ಬ್ಯಾಂಕುಗಳು ಒಂದೊಂದಾಗಿ ಬಾಗಿಲು ಹಾಕಿದವು. ಐಸಿಐಸಿಐ ಬ್ಯಾಂಕ್ 2022ರ ಅಕ್ಟೋಬರ್ 20ರಿಂದ ಶೇ 1 ಶುಲ್ಕ ಹಾಕಿತು. ಎಸ್‌ಬಿಐ ಕಾರ್ಡ್ ಅದೇ ನವೆಂಬರಿನಿಂದ ಪ್ರತಿ ಬಾಡಿಗೆ ವ್ಯವಹಾರಕ್ಕೆ 99 ರೂಪಾಯಿ ಇಟ್ಟು, 2023ರ ಮಾರ್ಚಿನಲ್ಲಿ ಅದನ್ನು 199ಕ್ಕೆ ಏರಿಸಿತು. ಎಚ್‌ಡಿಎಫ್‌ಸಿ ಬ್ಯಾಂಕ್ 2024ರ ಆಗಸ್ಟ್ 1ರಿಂದ ಆ್ಯಪ್‌ಗಳ ಮೂಲಕ ಕಟ್ಟುವ ಬಾಡಿಗೆಗೆ ಶೇ 1, ಗರಿಷ್ಠ 3,000 ಎಂದಿತು. ಈ ದರಗಳು ಆಗಾಗ ಬದಲಾಗುತ್ತವೆ. ನಿಮ್ಮ ಕಾರ್ಡಿನ ಇಂದಿನ ದರವನ್ನು ಬ್ಯಾಂಕಿನ ಶುಲ್ಕಪಟ್ಟಿಯಲ್ಲೇ ನೋಡಿ, ಸಹೋದ್ಯೋಗಿಯನ್ನು ಕೇಳಬೇಡಿ.

ನಿಮ್ಮ ಹಳೆಯ ಆ್ಯಪಿನಲ್ಲಿ ಸೌಲಭ್ಯ ನಿಂತದ್ದಕ್ಕೆ ಕಾರಣ ಬೇರೆ. 2025ರ ಸೆಪ್ಟೆಂಬರ್ 15ರಂದು ರಿಸರ್ವ್ ಬ್ಯಾಂಕ್ ಪೇಮೆಂಟ್ ಅಗ್ರಿಗೇಟರ್‌ಗಳಿಗೆ, ಅಂದರೆ ಗ್ರಾಹಕರಿಂದ ಹಣ ಪಡೆದು ವ್ಯಾಪಾರಿಗೆ ತಲುಪಿಸುವ ಮಧ್ಯವರ್ತಿ ಸಂಸ್ಥೆಗಳಿಗೆ, ಹೊಸ ನಿರ್ದೇಶನ ಹೊರಡಿಸಿತು. ಯಾವ ವ್ಯಾಪಾರಿಯ ಜೊತೆ ಒಪ್ಪಂದ ಇದೆಯೋ, ಯಾರ ಪೂರ್ವಾಪರ ಪರಿಶೀಲಿಸಿ ನೋಂದಾಯಿಸಿಕೊಂಡಿದ್ದೀರೋ ಅವರ ಪರವಾಗಿ ಮಾತ್ರ ಹಣ ಸಂಗ್ರಹಿಸಿ ಎಂಬುದು ಅದರ ತಾತ್ಪರ್ಯ. ನಿಮ್ಮ ಮನೆ ಓನರ್ ವ್ಯಾಪಾರಿಯಲ್ಲ. ನೀವು ಅವರ ಖಾತೆ ಸಂಖ್ಯೆ, ಐಎಫ್‌ಎಸ್‌ಸಿ ತುಂಬಿದಿರಿ, ಆ್ಯಪ್ ಕಾರ್ಡಿನಿಂದ ಹಣ ಎಳೆದು ಅಲ್ಲಿಗೆ ಕಳಿಸಿತು. ಆ ಖಾತೆಯಲ್ಲಿರುವವರು ಓನರೋ, ನಿಮ್ಮ ಗೆಳೆಯರೋ, ಸ್ವತಃ ನೀವೇ ಇನ್ನೊಂದು ಹೆಸರಿನಲ್ಲೋ ಎಂದು ನೋಡುವವರು ಯಾರೂ ಇರಲಿಲ್ಲ. ಆ ನಿರ್ದೇಶನ ಬಂದ ಬೆನ್ನಲ್ಲೇ ಹಲವು ದೊಡ್ಡ ಆ್ಯಪ್‌ಗಳು ಕಾರ್ಡಿನಿಂದ ಬಾಡಿಗೆ ಕಟ್ಟುವ ಸೌಲಭ್ಯವನ್ನು ನಿಲ್ಲಿಸಿದವು. ಈಗ ನೀವು ಬಳಸುತ್ತಿರುವ ಜಾಗದಲ್ಲಿ ಓನರ್ ಅವರ ಪ್ಯಾನ್, ಬಾಡಿಗೆ ಕರಾರು, ಅವರ ಒಪ್ಪಿಗೆ ಇವುಗಳನ್ನು ಕೇಳಿದ್ದಾರೆಯೇ ನೋಡಿ. ಕೇಳಿದ್ದರೆ ಒಳ್ಳೆಯ ಲಕ್ಷಣ. ಖಾತೆ ಸಂಖ್ಯೆ ಒಂದೇ ಸಾಕು ಎಂದಿದ್ದರೆ ನಾನು ಅಲ್ಲಿಗೆ ಕಾರ್ಡ್ ಸಂಖ್ಯೆ ಕೊಡುವುದಿಲ್ಲ.

ಇದೇ ಮಾತು ಭಾವಮೈದುನನ ಖಾತೆಯ ಉಪಾಯಕ್ಕೂ ಅನ್ವಯಿಸುತ್ತದೆ. ಅವರು ನಿಮ್ಮ ಓನರ್ ಅಲ್ಲ, ಅಲ್ಲಿ ಬಾಡಿಗೆ ಇಲ್ಲ. ಕಾರ್ಡಿನಿಂದ ನಗದು ತೆಗೆಯುವುದನ್ನೇ ಬಾಡಿಗೆ ಎಂದು ಕರೆಯುತ್ತಿದ್ದೀರಿ. ಇಂಥ ವ್ಯವಹಾರ ಕಂಡರೆ ಪಾಯಿಂಟ್ ಕಿತ್ತುಕೊಳ್ಳುವ, ಕಾರ್ಡನ್ನೇ ಬಂದ್ ಮಾಡುವ ಹಕ್ಕು ಬ್ಯಾಂಕಿನ ಷರತ್ತುಗಳಲ್ಲಿದೆ. ಅದಕ್ಕಿಂತ ಹತ್ತಿರದ ಅಪಾಯ ತೆರಿಗೆಯದು. ಒಂದು ಆರ್ಥಿಕ ವರ್ಷದಲ್ಲಿ ಕಾರ್ಡಿನ ಬಿಲ್‌ಗಳಿಗೆ 10 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಕಟ್ಟಿದರೆ ಬ್ಯಾಂಕ್ ಅದನ್ನು ಆದಾಯ ತೆರಿಗೆ ಇಲಾಖೆಗೆ ವರದಿ ಮಾಡುತ್ತದೆ. ನಿಜವಾದ ಬಾಡಿಗೆ ಒಂದು ಕಡೆ, ಭಾವಮೈದುನನಿಗೆ ಹಾಕಿದ 'ಬಾಡಿಗೆ' ಇನ್ನೊಂದು ಕಡೆ ತಿರುಗುತ್ತಿದ್ದರೆ ಆ ಮಿತಿ ದಾಟುವುದು ಕಷ್ಟವೇನಲ್ಲ. ಪಾಪ, ಭಾವಮೈದುನನ ಖಾತೆಗೆ ಪ್ರತಿ ತಿಂಗಳು ಬಾಡಿಗೆ ಎಂಬ ಹೆಸರಿನಲ್ಲಿ ಬರುವ ಹಣಕ್ಕೆ ಅವರೂ ಉತ್ತರ ಹೇಳಬೇಕಾಗಬಹುದು. ಅವರಿಗೆ ಇದರಲ್ಲಿ ಪಾಯಿಂಟೂ ಇಲ್ಲ. ಅಂಗಡಿಯ ಯಂತ್ರದಲ್ಲಿ ಕಾರ್ಡ್ ಉಜ್ಜಿಸಿ ಎರಡು–ಎರಡೂವರೆ ಪರ್ಸೆಂಟ್ ಹಿಡಿದು ನಗದು ಕೊಡುವವರ ದಾರಿಯೂ ಇದೇ ಜಾತಿಯದು.

ಯುಪಿಐಗೆ ಜೋಡಿಸಿದ ರುಪೇ ಕ್ರೆಡಿಟ್ ಕಾರ್ಡಿನಿಂದ ಓನರ್ ನಂಬರಿಗೆ ಕಳಿಸಬಹುದೇ ಎಂದು ಹಲವರು ಕೇಳುತ್ತಾರೆ. ಆಗುವುದಿಲ್ಲ. ಆ ಸೌಲಭ್ಯ ವ್ಯಾಪಾರಿಗಳಿಗೆ ಕೊಡಲು ಮಾತ್ರ, ವ್ಯಕ್ತಿಯಿಂದ ವ್ಯಕ್ತಿಗೆ ಇಲ್ಲ. ಓನರ್ ಅವರದೇ ಅಂಗಡಿ ಇದ್ದರೆ ಅಂಗಡಿಯ ಕ್ಯುಆರ್‌ಗೆ ಹಾಕಿ ಎನ್ನುವುದುಂಟು. ಹಾಗೆ ಹೇಳುವ ಓನರ್‌ಗೆ 2025ರ ಜುಲೈ ನೆನಪಿಸಿ. ಯುಪಿಐ ವಹಿವಾಟಿನ ಲೆಕ್ಕ ಹಿಡಿದು ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಾಗ ಬೆಂಗಳೂರಿನ ಎಷ್ಟೋ ಅಂಗಡಿಗಳಲ್ಲಿ ಕ್ಯುಆರ್ ಕಿತ್ತು 'ನಗದು ಮಾತ್ರ' ಎಂದು ಬರೆದಿದ್ದರು. ಮನೆಯ ಬಾಡಿಗೆ ಅಂಗಡಿಯ ವಹಿವಾಟಿನೊಳಗೆ ಬೆರೆತರೆ ಬಿಡಿಸುವುದು ಅವರಿಗೇ ತಲೆನೋವು.

ಹಾಗಾದರೆ ಕಾರ್ಡಿಗೆ ಸರಿಯಾದ ಜಾಗ ಎಲ್ಲಿದೆ? ಹಣ ಪಡೆಯುವವರು ನಿಜವಾಗಿಯೂ ಕಾರ್ಡ್ ಸ್ವೀಕರಿಸುವ ಸಂಸ್ಥೆ ಆಗಿದ್ದಲ್ಲಿ. ಕಂಪನಿ ನಡೆಸುವ ಪಿಜಿ ಅಥವಾ ಕೋ-ಲಿವಿಂಗ್ ಕಟ್ಟಡ, ಸರ್ವಿಸ್ ಅಪಾರ್ಟ್‌ಮೆಂಟ್, ನಿಮ್ಮ ಅಪಾರ್ಟ್‌ಮೆಂಟಿನ ಅಸೋಸಿಯೇಷನ್. ನಿಮ್ಮ 3,500 ಮೇಂಟೆನೆನ್ಸನ್ನು ಅಸೋಸಿಯೇಷನ್ ತನ್ನ ಆ್ಯಪ್ ಮೂಲಕ ಪಡೆಯುತ್ತಿದ್ದರೆ ಅಲ್ಲಿ ಕಾರ್ಡ್ ಬಳಸುವುದರಲ್ಲಿ ತಪ್ಪೇನಿಲ್ಲ, ಹಣ ಪಡೆಯುವವರು ಯಾರು ಎಂಬ ಗೊಂದಲ ಅಲ್ಲಿಲ್ಲ. ಆದರೆ ಅಲ್ಲೂ ಕಾರ್ಡ್ ಆರಿಸಿದಾಗ ಗೇಟ್‌ವೇ ಶುಲ್ಕ ಎಂದು ಒಂದು ಸಾಲು ಸೇರುತ್ತದೆಯೇ ನೋಡಿ. ಸೇರಿದರೆ ಯುಪಿಐಯಲ್ಲಿ ಕಟ್ಟಿ ಮುಗಿಸಿ.

ಬಾಡಿಗೆಯನ್ನು ಕಾರ್ಡಿನಲ್ಲಿ ಕಟ್ಟಿ ಲಾಭ ಬರುವ ಒಂದು ಸಣ್ಣ ಸಂದರ್ಭ ಇದೆ, ಅದನ್ನೂ ಹೇಳಿಬಿಡುತ್ತೇನೆ. ವರ್ಷಕ್ಕೆ ಇಂತಿಷ್ಟು ಖರ್ಚು ಮಾಡಿದರೆ ವಾರ್ಷಿಕ ಶುಲ್ಕ ಮಾಫಿ ಎಂಬ ಷರತ್ತು ಕೆಲವು ಕಾರ್ಡುಗಳಲ್ಲಿದೆ. ಶುಲ್ಕ 1,000, ಜಿಎಸ್‌ಟಿ ಸೇರಿ 1,180 ಎಂದುಕೊಳ್ಳಿ. ಗುರಿ ಮುಟ್ಟಲು 25,000 ಕಡಿಮೆ ಬಿದ್ದಿದೆ, ವರ್ಷ ಮುಗಿಯಲು ವಾರ ಇದೆ. ಆಗ ಒಂದು ತಿಂಗಳ ಬಾಡಿಗೆಯನ್ನು 826 ಕೊಟ್ಟು ಕಾರ್ಡಿಗೆ ಹಾಕಿದರೆ 354 ರೂಪಾಯಿ ಉಳಿಯಿತು. ಆದರೆ ಬಾಡಿಗೆಯನ್ನು ಆ ಗುರಿಯ ಲೆಕ್ಕಕ್ಕೆ ಬ್ಯಾಂಕ್ ಹಿಡಿಯಬೇಕು. ಹಲವು ಬ್ಯಾಂಕುಗಳು ಹಿಡಿಯುವುದಿಲ್ಲ. ಷರತ್ತು ಓದದೆ ಕಟ್ಟಿದರೆ 826ರ ಜೊತೆಗೆ ಆ 1,180ನ್ನೂ ಕಟ್ಟುತ್ತೀರಿ.

ಇಲ್ಲಿಯ ತನಕ ಹೇಳಿದ್ದೆಲ್ಲ ನೀವು ಪ್ರತಿ ಬಿಲ್ಲನ್ನೂ ಗಡುವಿನೊಳಗೆ ಪೂರ್ತಿ ತೀರಿಸುತ್ತೀರಿ ಎಂಬ ನಂಬಿಕೆಯ ಮೇಲೆ. ಬ್ಯಾಂಕಿನ ಕೌಂಟರಿನ ಆಚೆ ಕೂತು ನಾನು ನೋಡಿದ ತಕರಾರುಗಳಲ್ಲಿ ಹೆಚ್ಚಿನವು ಶುಲ್ಕದ್ದಲ್ಲ, ಇಷ್ಟಾದರೂ ಕಟ್ಟಿ ಎಂದು ಬಿಲ್ಲಿನಲ್ಲಿ ತೋರಿಸುವ 'ಕನಿಷ್ಠ ಮೊತ್ತ' ಎಂಬ ಆ ಸಣ್ಣ ಸಂಖ್ಯೆಯದು. ಒಂದು ತಿಂಗಳು ಊರಲ್ಲಿ ಮದುವೆ, ಇನ್ನೊಂದು ತಿಂಗಳು ಮಗುವಿನ ಶಾಲೆಯ ಫೀ. ಈ ಸಲ ಕನಿಷ್ಠ ಮೊತ್ತ ಕಟ್ಟೋಣ, ಮುಂದಿನ ಸಲ ಪೂರ್ತಿ ಎಂದುಕೊಳ್ಳುತ್ತೀರಿ. ಕಾರ್ಡಿನ ಬಡ್ಡಿ ತಿಂಗಳಿಗೆ ಶೇ 3.5 ಎಂದರೆ ವರ್ಷಕ್ಕೆ 42. ಆ ಬಡ್ಡಿಯ ಮೇಲೂ ಶೇ 18 ಜಿಎಸ್‌ಟಿ ಬೀಳುತ್ತದೆ, ಹೀಗಾಗಿ ನಿಜವಾಗಿ ಹೋಗುವುದು ಶೇ 49.56. ಬಡ್ಡಿ ಶುರುವಾಗುವುದು ಗಡುವಿನ ಮರುದಿನದಿಂದ ಅಲ್ಲ, ಬಾಡಿಗೆ ಕಟ್ಟಿದ ದಿನದಿಂದ. 28,000ದ ಮೇಲೆ 50 ದಿನಕ್ಕೆ ಸುಮಾರು 1,611 ಬಡ್ಡಿ, 290 ಜಿಎಸ್‌ಟಿ. ಇಷ್ಟೇ ಆಗಿದ್ದರೆ ಸಹಿಸಬಹುದಿತ್ತು. ಬಾಕಿ ಉಳಿದಿರುವಾಗ ನೀವು ಕಾರ್ಡಿನಲ್ಲಿ ತರುವ ಹೊಸ ದಿನಸಿ, ಪೆಟ್ರೋಲು ಎಲ್ಲಕ್ಕೂ ಬಡ್ಡಿರಹಿತ ಅವಧಿ ಇಲ್ಲದಾಗುತ್ತದೆ, ತಂದ ದಿನದಿಂದಲೇ ಬಡ್ಡಿ. ಸಣ್ಣ ಖರ್ಚಿಗೆ ಮಾತ್ರ ಕಾರ್ಡ್ ಬಳಸುವವರು ಒಮ್ಮೆ ಎಡವಿದರೆ ಎದ್ದು ನಿಲ್ಲಬಹುದು. ಪ್ರತಿ ತಿಂಗಳು 28,000 ಬಂದು ಬೀಳುವ ಕಾರ್ಡಿನಲ್ಲಿ ಎಡವಿದರೆ ಮೇಲೇಳುವ ಮೊದಲೇ ಮುಂದಿನ ಬಾಡಿಗೆ ಬಂದಿರುತ್ತದೆ.

ಅಡ್ವಾನ್ಸ್ ವಿಷಯದಲ್ಲಿ ನನ್ನ ಉತ್ತರ ನೇರ: ಕಾರ್ಡಿನಲ್ಲಿ ಬೇಡ. ಬಾಡಿಗೆಯ ಸಾಲ ಮುಂದಿನ ಸಂಬಳದಲ್ಲಿ ತೀರುತ್ತದೆ. ಅಡ್ವಾನ್ಸ್ ನೀವು ಮನೆ ಬಿಡುವ ತನಕ ಓನರ್ ಬಳಿ ಇರುತ್ತದೆ, ಬಡ್ಡಿ ಇಲ್ಲದೆ. ಬಿಡುವಾಗಲೂ ಪೇಂಟಿಂಗಿಗೆ ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುವುದು ಬೆಂಗಳೂರಿನ ಪದ್ಧತಿ. ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ ಎಂಬ ಮಾತು ಇಲ್ಲಿಯ ಅಡ್ವಾನ್ಸ್ ನೋಡಿಯೇ ಹುಟ್ಟಿತೇನೋ ಅನಿಸುವುದುಂಟು. ಬಡ್ಡಿ ಬಾರದ ಕಡೆ ಇಡುವ ಹಣವನ್ನು ಶೇ 42ರ ಬಡ್ಡಿಗೆ ತರಬಾರದು. ಅದೂ ಅಲ್ಲದೆ ನಿಮ್ಮ ಮಿತಿ 1.5 ಲಕ್ಷ, ಅಡ್ವಾನ್ಸೂ 1.5 ಲಕ್ಷ. ಶುಲ್ಕ ಸೇರಿದರೆ ಮಿತಿ ಮೀರಿತು.

ಬದಲಿಗೆ ಏನು ಮಾಡಬಹುದು? ಮೊದಲನೆಯದು, ಈಗಿನ ಓನರ್ ಬಳಿ ನಿಮ್ಮ ಹಳೆಯ ಅಡ್ವಾನ್ಸ್ ಇದೆಯಲ್ಲ, ಅದು ಯಾವ ದಿನ ಕೈಗೆ ಬರುತ್ತದೆ ಎಂದು ಇವತ್ತೇ ಕೇಳಿ. ಖಾಲಿ ಮಾಡುವ ನೋಟಿಸನ್ನು ವಾಟ್ಸ್‌ಆ್ಯಪಿನಲ್ಲಿ ಬರೆದು ಕಳಿಸಿ, ಬಾಯಿಮಾತಿನಲ್ಲಿ ಬಿಡಬೇಡಿ. ಹೊಸ ಓನರ್ ಬಳಿ ಅಡ್ವಾನ್ಸನ್ನು ಎರಡು ಕಂತಾಗಿ ಕೊಡುತ್ತೇನೆ ಎಂದು ಕೇಳಿ, ಕೀಲಿ ಪಡೆಯುವಾಗ ಅರ್ಧ, ಹಳೆಯದು ಬಂದ ಮೇಲೆ ಇನ್ನರ್ಧ. ಬಹಳ ಮಂದಿ ಒಪ್ಪುತ್ತಾರೆ. ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಯಷ್ಟೇ ಅಡ್ವಾನ್ಸ್ ಎನ್ನುತ್ತದೆ, ಆದರೆ ಅದು ರಾಜ್ಯಗಳ ಮುಂದಿಟ್ಟ ಮಾದರಿ. ಅದನ್ನು ತೋರಿಸಿ ಜಗಳಕ್ಕೆ ನಿಲ್ಲುವುದಕ್ಕಿಂತ ಚೌಕಾಸಿಗೆ ಒಂದು ಆಧಾರವಾಗಿ ಬಳಸಿ. ಇಷ್ಟಾದ ಮೇಲೂ ಕಡಿಮೆ ಬಿದ್ದರೆ ಕಂಪನಿಯಲ್ಲಿ ಸ್ಯಾಲರಿ ಅಡ್ವಾನ್ಸ್ ಕೇಳಿ, ಎಫ್‌ಡಿ ಇದ್ದರೆ ಅದರ ಮೇಲೆ ಸಾಲ ತೆಗೆಯಿರಿ. ಎಫ್‌ಡಿಯ ಬಡ್ಡಿಗಿಂತ ಒಂದೆರಡು ಪರ್ಸೆಂಟ್ ಮಾತ್ರ ಹೆಚ್ಚು ಬೀಳುತ್ತದೆ. ಮನೆಯಲ್ಲಿ ಚಿನ್ನ ಇದ್ದರೆ ಚಿನ್ನದ ಸಾಲ. ಪರ್ಸನಲ್ ಲೋನ್ ಕೊನೆಗೆ, ಅದೂ ಕಾರ್ಡಿಗಿಂತ ಅಗ್ಗ.

ಕಾರ್ ಲೋನ್ ಯೋಚನೆ ಇರುವುದರಿಂದ ಇನ್ನೊಂದು ಮಾತು. ಕ್ರೆಡಿಟ್ ಸ್ಕೋರಿನಲ್ಲಿ ಕಾರ್ಡಿನ ಮಿತಿಯ ಎಷ್ಟು ಭಾಗ ಬಳಸುತ್ತೀರಿ ಎಂಬುದಕ್ಕೂ ತೂಕ ಇದೆ, ಶೇ 30ರ ಒಳಗಿದ್ದರೆ ಒಳ್ಳೆಯದು ಎಂಬುದು ರೂಢಿಯ ಅಂದಾಜು. ಬಾಡಿಗೆ 28,000, ಉಳಿದ ಖರ್ಚು 20,000 ಎಂದರೂ 1.5 ಲಕ್ಷದಲ್ಲಿ ಶೇ 32. ಬಿಲ್ ಪೂರ್ತಿ ಕಟ್ಟುವವರಿಗೂ ಇದು ಅನ್ವಯಿಸುತ್ತದೆ, ಯಾಕೆಂದರೆ ಸ್ಕೋರ್ ಲೆಕ್ಕ ಹಾಕುವ ಸಂಸ್ಥೆಗಳಿಗೆ ಬ್ಯಾಂಕ್ ವರದಿ ಕಳಿಸುವ ದಿನ ಎಷ್ಟು ಬಾಕಿ ಇತ್ತೋ ಅದೇ ದಾಖಲಾಗುತ್ತದೆ. 2025ರ ಜನವರಿಯಿಂದ ಈ ವರದಿ ಕನಿಷ್ಠ ಹದಿನೈದು ದಿನಕ್ಕೊಮ್ಮೆಯಾದರೂ ಹೋಗುತ್ತಿದೆ. ಬಾಡಿಗೆಯನ್ನು ಕಾರ್ಡಿನಿಂದ ತೆಗೆದರೆ ಎರಡು–ಮೂರು ತಿಂಗಳಲ್ಲಿ ಈ ಪ್ರಮಾಣ ತಾನಾಗಿ ಇಳಿಯುತ್ತದೆ.

ಎಚ್‌ಆರ್‌ಎಗೆ ಕಾರ್ಡಿನಿಂದ ತೊಂದರೆ ಇಲ್ಲ, ಹಣ ನಿಜವಾದ ಓನರ್ ಖಾತೆಗೆ ಹೋಗಿದ್ದರೆ. ಹೊಸ ತೆರಿಗೆ ಪದ್ಧತಿ ಆರಿಸಿಕೊಂಡಿದ್ದರೆ ಎಚ್‌ಆರ್‌ಎ ವಿನಾಯಿತಿಯೇ ಇಲ್ಲ, ಈ ಪ್ಯಾರಾ ಬಿಟ್ಟುಬಿಡಿ. ಹಳೆಯ ಪದ್ಧತಿಯಲ್ಲಿದ್ದರೆ ಕಾರ್ಡಿನ ಸ್ಟೇಟ್‌ಮೆಂಟ್ ಒಂದೇ ಸಾಲದು. ಅದರಲ್ಲಿ ಆ್ಯಪಿನ ಹೆಸರಿರುತ್ತದೆ, ಓನರ್ ಹೆಸರಿರುವುದಿಲ್ಲ. ಓನರ್ ಸಹಿ ಮಾಡಿದ ರಸೀದಿ, ಬಾಡಿಗೆ ಕರಾರು, ಅವರ ಖಾತೆಗೆ ಜಮೆಯಾದ ಉಲ್ಲೇಖ ಸಂಖ್ಯೆ ಮೂರನ್ನೂ ಇಟ್ಟುಕೊಳ್ಳಿ. ವರ್ಷದ ಬಾಡಿಗೆ 1 ಲಕ್ಷ ದಾಟುವುದರಿಂದ ಅವರ ಪ್ಯಾನ್ ಕೊಡಲೇಬೇಕು. ಆ್ಯಪ್ ಹಾಕುವ ಶುಲ್ಕ ಬಾಡಿಗೆಯಲ್ಲ, ಅದನ್ನು ಸೇರಿಸಿ ತೋರಿಸಬೇಡಿ.

ಈಗ ಆ ತಾರೀಖಿನ ವಿಷಯ. ನೀವು ಮನೆ ಬದಲಾಯಿಸುತ್ತಿರುವುದು ಇದಕ್ಕೆ ಅನುಕೂಲವೇ ಆಯಿತು. ಹನ್ನೊಂದು ತಿಂಗಳ ಕರಾರು ಬರೆಸುವಾಗ 'ಬಾಡಿಗೆಯನ್ನು ಪ್ರತಿ ತಿಂಗಳ 10ನೇ ತಾರೀಖಿನೊಳಗೆ ಕೊಡತಕ್ಕದ್ದು' ಎಂದು ಹಾಕಿಸಿ. ಕರಾರು ಟೈಪ್ ಮಾಡುವವರ ಬಳಿ ಹಳೆಯ ಮಾದರಿ ಇರುತ್ತದೆ, ಅದರಲ್ಲಿ 5 ಎಂದು ಮೊದಲೇ ಅಚ್ಚಾಗಿರುತ್ತದೆ, ಓದದೆ ಸಹಿ ಹಾಕಬೇಡಿ. ಓನರ್‌ಗೆ ಗೃಹಸಾಲದ ಕಂತು ಇದ್ದು 5ಕ್ಕೇ ಹಣ ಬೇಕಾಗಿದ್ದರೆ ಅವರು ಹಟ ಹಿಡಿಯುತ್ತಾರೆ. ಆಗ ಮೊದಲ ವರ್ಷದ ಬಾಡಿಗೆಯಲ್ಲಿ ತಿಂಗಳಿಗೆ ಇನ್ನೂರು–ಮುನ್ನೂರು ಹೆಚ್ಚು ಕೊಡುತ್ತೇನೆ, ತಾರೀಖು ಮಾತ್ರ 10 ಇರಲಿ ಎಂದು ಹೇಳಿ ನೋಡಿ. 826ಕ್ಕೆ ಹೋಲಿಸಿದರೆ ಅದೂ ಲಾಭವೇ.

ಕಾರ್ಡ್ ಬಿಡುವ ಮೊದಲ ತಿಂಗಳು ಮಾತ್ರ ಬಿಗಿಯಾಗುತ್ತದೆ. 8ಕ್ಕೆ ಹಿಂದಿನ ಮನೆಯ ಕೊನೆಯ ಬಾಡಿಗೆಯ ಕಾರ್ಡ್ ಬಿಲ್, 10ಕ್ಕೆ ಹೊಸ ಮನೆಯ ಬಾಡಿಗೆ, ಎರಡೂ ಒಂದೇ ಸಂಬಳದಿಂದ ಹೋಗಬೇಕು. ಮನೆ ಸಾಗಿಸುವ ಖರ್ಚೂ ಅದೇ ತಿಂಗಳು ಬರುತ್ತದೆ. ಅದಕ್ಕಾಗಿ ಈ ಎರಡು ತಿಂಗಳಲ್ಲಿ ಎಷ್ಟಾಗುತ್ತದೋ ಅಷ್ಟು ಕೂಡಿಟ್ಟುಕೊಳ್ಳಿ. ಇಲ್ಲವೇ ಈಗಿನ ಓನರ್‌ಗೆ ಹೇಳಿ ಕೊನೆಯ ತಿಂಗಳ ಬಾಡಿಗೆಯನ್ನು ಅಡ್ವಾನ್ಸಿನಲ್ಲೇ ಮುರಿದುಕೊಳ್ಳಲು ಒಪ್ಪಿಸಿ. ಅವರು ಒಪ್ಪಿದರೆ ಆ ತಿಂಗಳು ಕಾರ್ಡಿಗೆ ಬಾಡಿಗೆ ಏರುವುದೇ ಇಲ್ಲ, ಅಡ್ವಾನ್ಸಿನಲ್ಲಿ ವಾಪಸ್ ಬರಬೇಕಾದ ಮೊತ್ತವೂ ಅಷ್ಟು ಕಡಿಮೆಯಾಗಿ ಅವರಿಗೂ ಹಗುರ. ಹೊಸ ಮನೆಯ ತಾರೀಖು, ಅಡ್ವಾನ್ಸಿನ ಕಂತು ಎರಡನ್ನೂ ಮನೆ ಹಿಡಿಯಲು ಟೋಕನ್ ಹಣ ಕೊಡುವ ಮೊದಲೇ ಮಾತಾಡಿ ಮುಗಿಸಿ. ಟೋಕನ್ ಕೊಟ್ಟ ಮೇಲೆ ಚೌಕಾಸಿಗೆ ನಿಮ್ಮ ಕೈಯಲ್ಲಿ ಏನೂ ಉಳಿದಿರುವುದಿಲ್ಲ.